ಪದವಿನ ಮೇಲೊಂದು ಕೆಂಪು ಟ್ರ್ಯಾಕ್: ಮುರಕಲ್ಲಿನಿಂದ ಬಿಳಿ ಗೆರೆಯವರೆಗೆ

ಸಿಂಥೆಟಿಕ್ ಟ್ರ್ಯಾಕ್ ಕೆಲಸದಲ್ಲಿ ರಬ್ಬರು ಕಣ್ಣಿಗೆ ಬೀಳುವುದು ಕೊನೆಯ ನಾಲ್ಕೈದು ವಾರ ಮಾತ್ರ. ಅದಕ್ಕೆ ಮೊದಲಿನ ತಿಂಗಳುಗಳೆಲ್ಲ ಮಣ್ಣು, ಜಲ್ಲಿ, ಡಾಂಬರು, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಜೊತೆ ಕಳೆಯುತ್ತವೆ. ಕಾಸರಗೋಡಿನ ಕುಂಬಳೆಯಿಂದ ಪೆರ್ಲದವರೆಗಿನ ನಮ್ಮ ಕಡೆ ಇಷ್ಟು ದೊಡ್ಡ ಬಯಲು ಜಾಗ ಸಿಗುವುದು ಪದವಿನಲ್ಲಿ, ಅಂದರೆ ಮುರಕಲ್ಲಿನ (ಲ್ಯಾಟರೈಟ್) ಗುಡ್ಡದ ಸಮತಟ್ಟು ನೆತ್ತಿಯಲ್ಲಿ. ಎಂಟು ಲೇನಿನ 400 ಮೀಟರ್ ಟ್ರ್ಯಾಕಿಗೆ ಹೊರ ಅಂಚಿನಿಂದ ಹೊರ ಅಂಚಿಗೆ 177 ಮೀಟರ್ ಉದ್ದ, 92.5 ಮೀಟರ್ ಅಗಲ ಬೇಕು. ಅಂಚಿನ ಸುತ್ತ ಸುರಕ್ಷತೆಗೆಂದು ಇನ್ನೊಂದು ಮೀಟರ್, ನೂರು ಮೀಟರ್ ಓಟ ಮುಗಿದ ಮೇಲೆ ನಿಲ್ಲಲು 17 ಮೀಟರ್ ಬೇರೆ. ಬಯಲು ನೋಡಿದ ಕೂಡಲೇ, "ಪದವು ಮೊದಲೇ ಸಮತಟ್ಟು, ಕಲ್ಲಿನ ಹಾಗೆ ಗಟ್ಟಿ, ಮೇಲೆ ರಬ್ಬರು ಹಾಸಿದರೆ ಆಯಿತಲ್ಲ" ಎನ್ನುವವರೇ ಹೆಚ್ಚು. ಹಾಳಾದ ಟ್ರ್ಯಾಕುಗಳ ಕತೆ ಶುರುವಾಗುವುದು ಈ ಮಾತಿನಿಂದ.

ಮುರಕಲ್ಲು ಗಟ್ಟಿ, ನಿಜ. ಆದರೆ ಅದರ ಗಟ್ಟಿತನ ಮೇಲಿನ ಕೆಲವೇ ಮೀಟರುಗಳಷ್ಟು. ಕೆಳಗೆ ಶೇಡಿ ಮಣ್ಣು, ಬಿಳಿ–ಗುಲಾಬಿ ಬಣ್ಣದ ಜೇಡಿ. ಒಣಗಿದಾಗ ಉಗುರಿಗೆ ಸಿಗದ ಶೇಡಿ, ನೀರು ಕುಡಿದರೆ ಬೆಣ್ಣೆ. ಮಳೆಗಾಲದಲ್ಲಿ ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು ಅಡ್ಡಕ್ಕೆ ಹರಿಯುತ್ತದೆ. ಹಾಗಾಗಿ ಪದವಿನ ಮೇಲ್ಬದಿಯನ್ನು ಕಡಿದು ಕೆಳಬದಿಯನ್ನು ತುಂಬಿಸಿದಾಗ, ಕಡಿದ ಕಡೆ ಒರತೆ ಏಳುತ್ತದೆ, ತುಂಬಿದ ಕಡೆ ನೆಲ ಕೂರುತ್ತದೆ. ಕಡಿತ ಮತ್ತು ತುಂಬು ಸೇರುವ ಗಡಿಯಲ್ಲಿ ಎರಡು ವರ್ಷದೊಳಗೆ ಒಂದು ಉದ್ದ ಬಿರುಕು ಕಾಣಿಸುತ್ತದೆ. ಆ ಬಿರುಕು ಡಾಂಬರನ್ನು ಸೀಳಿ ರಬ್ಬರಿಗೂ ಬರುತ್ತದೆ.

ಕೆಲಸ ಶುರುಮಾಡುವ ಮೊದಲು ಗುಡ್ಡದ ತಪ್ಪಲಿನ ಮನೆಗಳಿಗೆ ಹೋಗಿ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಸುರಂಗಗಳ ಬಗ್ಗೆ ವಿಚಾರಿಸಬೇಕು. ಇದು ಯಾವ ಟೆಂಡರಿನ ಕಾಗದದಲ್ಲೂ ಇರುವುದಿಲ್ಲ. "ಅಜ್ಜ, ನಿಮ್ಮ ಸುರಂಗ ಎಷ್ಟು ಕೋಲು ಒಳಗೆ ಹೋಗಿದೆ? ಯಾವ ಕಡೆಗೆ ತಿರುಗಿದೆ?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ತೋಡಿದವರಿಗೆ, ತೋಡಿಸಿದವರಿಗೆ ಲೆಕ್ಕ ನೆನಪಿರುತ್ತದೆ. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಅದನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ, ಹತ್ತು ಟನ್ನಿನ ಕಂಪನ ರೋಲರ್ ಯಾವ ಜಾಗದಲ್ಲಿ ಕಂಪನ ನಿಲ್ಲಿಸಿ ಬರೀ ಭಾರದಿಂದ ಓಡಬೇಕು ಎಂದು ಗೊತ್ತಾಗುತ್ತದೆ. ಒರತೆಯ ದಾರಿಯನ್ನು ನಾವು ಎಲ್ಲಿ ತಿರುಗಿಸಬಾರದು ಎಂಬುದೂ ಆಗಲೇ ತಿಳಿಯುತ್ತದೆ. ಆ ನೀರನ್ನು ಕುಡಿಯುವ ಮನೆಗಳಿವೆ. ಓಟದ ಮೈದಾನಕ್ಕಾಗಿ ಒಂದು ಮನೆಯ ಸುರಂಗ ಬತ್ತಬಾರದು.

ಒಂದು ಶಾಲೆಯ ಟ್ರ್ಯಾಕಿಗೆ ನಾವು ಮಾಡಿದ್ದು ಹೀಗೆ: ಮೇಲ್ಬದಿಯಲ್ಲಿ ಟ್ರ್ಯಾಕಿನ ಅಂಚಿನಿಂದ ಎರಡು ಮೀಟರ್ ದೂರಕ್ಕೆ 1.2 ಮೀಟರ್ ಆಳದ ಕಣಿ ತೆಗೆದು, ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, 160 ಮಿ.ಮೀ. ತೂತಿನ ಪೈಪು ಇಟ್ಟು, ಮಣ್ಣಿಲ್ಲದ 40 ಮಿ.ಮೀ. ಜಲ್ಲಿ ತುಂಬಿಸಿದೆವು. ಬಟ್ಟೆಯನ್ನು ಜಲ್ಲಿಯ ಮೇಲೂ ಮಡಚಬೇಕು. ಹಣ ಉಳಿಸಲು ಬದಿಗಳಿಗೆ ಮಾತ್ರ ಹಾಕಿದರೆ ಮೇಲಿನಿಂದ ಕೆಂಪು ಮಣ್ಣು ಇಳಿದು ಒಂದೇ ಮಳೆಗಾಲಕ್ಕೆ ಕಟ್ಟುತ್ತದೆ. ಕಡಿತ–ತುಂಬಿನ ಗಡಿಯಲ್ಲಿ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, 20 ಸೆಂ.ಮೀ. ಪದರಗಳಲ್ಲಿ ಮುರಮಣ್ಣು ಹಾಕಿ ಅದುಮಿಸಿದೆವು. ಪ್ರತಿ ಪದರ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲು ಮರಳು ತುಂಬಿಸುವ ಪರೀಕ್ಷೆ ಮಾಡಿ, ಪ್ರಾಕ್ಟರ್ ಸಾಂದ್ರತೆಯ (ಪ್ರಯೋಗಾಲಯದಲ್ಲಿ ಅದುಮಿದಾಗ ಆ ಮಣ್ಣಿಗೆ ಸಿಗುವ ಗರಿಷ್ಠ ಸಾಂದ್ರತೆ) ಶೇಕಡಾ 97 ಬರುವವರೆಗೆ ಮುಂದಿನ ಪದರ ಹಾಕಲಿಲ್ಲ. ತುಂಬುವ ಮಣ್ಣಿನಲ್ಲಿ ಶೇಡಿ ಸೇರಿದ್ದರೆ ಬಿಳಿ, ಗುಲಾಬಿ ಗೆರೆಗಳು ಕಾಣುತ್ತವೆ. ಅಂಥ ಲೋಡು ಬಂದರೆ ಟಿಪ್ಪರನ್ನು ಇಳಿಸದೆ ಹಿಂದಕ್ಕೆ ಕಳಿಸುವುದೊಂದೇ ದಾರಿ.

ಇಷ್ಟಾದ ಮೇಲೆ ಒಂದು ಮಳೆಗಾಲ ಬಿಡಬೇಕು. ಇದು ನಮ್ಮ ಗಟ್ಟಿ ಅಭಿಪ್ರಾಯ. ಗುತ್ತಿಗೆದಾರರಿಗೆ ಮಾರ್ಚ್ ಲೆಕ್ಕದ ಅವಸರ, ಶಾಲೆಯವರಿಗೆ ಉದ್ಘಾಟನೆಯ ಅವಸರ. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ತುಂಬಿದ ನೆಲವನ್ನು ಪರೀಕ್ಷಿಸಲು ಆಟಿ ತಿಂಗಳಿಗಿಂತ (ಜುಲೈ–ಆಗಸ್ಟ್) ಒಳ್ಳೆಯ ಯಂತ್ರ ಇಲ್ಲ. ಎಲ್ಲಿ ಕುಸಿಯುತ್ತದೆ, ಎಲ್ಲಿ ಹೊಸ ಒರತೆ ಏಳುತ್ತದೆ, ಕಣಿಯ ಬಾಯಿಯಲ್ಲಿ ನೀರು ತಿಳಿಯಾಗಿ ಬರುತ್ತದೆಯೋ ಕೆಂಪಾಗಿಯೋ, ಎಲ್ಲ ಗೊತ್ತಾಗುತ್ತದೆ. ಕೆಂಪು ನೀರು ಬಂದರೆ ಒಳಗೆ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ.

ತುಲಾ ಮಳೆ (ಅಕ್ಟೋಬರ್–ನವೆಂಬರಿನ ಮಳೆ) ನಿಂತ ಮೇಲೆ ಅಳತೆ. ಅರ್ಧವೃತ್ತಗಳ ಎರಡು ಕೇಂದ್ರಗಳು ಒಂದಕ್ಕೊಂದು 84.39 ಮೀಟರ್ ದೂರ. ಎರಡನ್ನೂ ಕಾಂಕ್ರೀಟಿನಲ್ಲಿ ಹುಗಿದ ಸರಳಿನ ತಲೆಯ ಮೇಲೆ ಗುರುತು ಮಾಡಿ, ಮುಚ್ಚಳವಿರುವ ಗುಂಡಿಯಲ್ಲಿ ಶಾಶ್ವತವಾಗಿ ಉಳಿಸಬೇಕು. ಹತ್ತು ವರ್ಷದ ಮೇಲೆ ಮರುಗೆರೆ ಎಳೆಯುವವರಿಗೂ ಅದೇ ಆಧಾರ. ಕರ್ಬ್‌ನ, ಅಂದರೆ ಟ್ರ್ಯಾಕಿನ ಒಳ ಅಂಚಿನ ಕಟ್ಟೆಯ, ತ್ರಿಜ್ಯ 36.50 ಮೀಟರ್. ಓಟಗಾರ ಕರ್ಬ್‌ನಿಂದ 30 ಸೆಂ.ಮೀ. ಹೊರಗೆ ಓಡುತ್ತಾನೆ ಎಂದು ಹಿಡಿದು 36.80 ಮೀಟರ್ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ಎರಡು ತಿರುವು ಸೇರಿ 231.22, ಎರಡು ನೇರ ಭಾಗ 168.78, ಒಟ್ಟು 400. ಎರಡನೇ ಲೇನಿನಿಂದ ಹೊರಕ್ಕೆ ಗೆರೆಯಿಂದ 20 ಸೆಂ.ಮೀ. ದೂರಕ್ಕೆ ಅಳೆಯುತ್ತಾರೆ. ಹಾಗಾಗಿ ಎರಡನೇ ಲೇನಿನ ಮುಂದೊಡ್ಡು, ಅಂದರೆ ಓಟ ಶುರುವಾಗುವ ಗೆರೆ ಮುಂದೆ ಸರಿಯುವ ದೂರ, 7.04 ಮೀಟರ್, ಆಮೇಲೆ ಪ್ರತಿ ಲೇನಿಗೂ 7.67 ಸೇರುತ್ತದೆ. ಲೇನಿನ ಅಗಲ ಬಲಗಡೆಯ ಗೆರೆ ಸೇರಿ 1.22 ಮೀಟರ್, ಹೆಚ್ಚುಕಡಿಮೆ ಒಂದು ಸೆಂಟಿಮೀಟರಿಗೆ ಮಾತ್ರ ಅವಕಾಶ.

ತ್ರಿಜ್ಯದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಒಂದು ಸುತ್ತಿನಲ್ಲಿ 6.28 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅದೇನು ಮಹಾ ಎಂದು ಕೇಳುವವರಿಗೆ ಪಯ್ಯೋಳಿಯ ಪಿ.ಟಿ. ಉಷಾ ಅವರ ಓಟವನ್ನು ನೆನಪಿಸುತ್ತೇವೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಅವರ ಸಮಯ 55.42 ಸೆಕೆಂಡು, ಕಂಚು ಗೆದ್ದವರದ್ದು 55.41. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಎಂದರೆ ಸುಮಾರು 7 ಸೆಂ.ಮೀ. ಅಂಥ ವ್ಯತ್ಯಾಸ ನೆಲದಿಂದ ಬರಬಾರದು. ವರ್ಲ್ಡ್ ಅಥ್ಲೆಟಿಕ್ಸ್ ನಿಯಮವೂ ಅಷ್ಟೇ ಬಿಗಿ: ಒಂದು ಸುತ್ತು 400ಕ್ಕಿಂತ ಒಂದು ಮಿಲಿಮೀಟರೂ ಕಡಿಮೆ ಇರಬಾರದು, ಹೆಚ್ಚಾದರೆ 4 ಸೆಂ.ಮೀ. ಒಳಗೆ. ಉಕ್ಕಿನ ಟೇಪಿನಲ್ಲಿ ಅಳೆಯುವವರು ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. 20 ಡಿಗ್ರಿಗೆ ಸರಿಮಾಡಿದ ಟೇಪು 35 ಡಿಗ್ರಿ ಬಿಸಿಲಿನಲ್ಲಿ 84.39 ಮೀಟರಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಟೋಟಲ್ ಸ್ಟೇಷನ್ (ಬೆಳಕಿನ ಕಿರಣದಿಂದ ದೂರ ಅಳೆಯುವ ಯಂತ್ರ) ಇದ್ದರೂ ಬೆಳಗ್ಗೆ ಬೇಗ ಅಳೆಯುವುದೇ ಲೇಸು.

ಇಳಿಜಾರು ಅಗಲಕ್ಕೆ ಒಳಗಿನ ಕರ್ಬ್ ಕಡೆಗೆ ಹೆಚ್ಚೆಂದರೆ ಶೇಕಡಾ 1, ಓಟದ ದಿಕ್ಕಿಗೆ ಶೇಕಡಾ 0.1. ಎಂಟು ಲೇನಿನ 9.76 ಮೀಟರಿಗೆ ಬರುವ ಇಳಿತ ಹತ್ತು ಸೆಂಟಿಮೀಟರಿಗೂ ಕಡಿಮೆ. ಅಡಿಕೆ ಒಣಗಿಸುವ ಅಂಗಳದಲ್ಲೂ ಇದಕ್ಕಿಂತ ಹೆಚ್ಚು ಇಳಿಜಾರು ಕೊಡುತ್ತೇವೆ. ಅಷ್ಟು ಸಣ್ಣ ಇಳಿಜಾರಿನಲ್ಲಿ ನಮ್ಮ ಜೂನ್ ತಿಂಗಳ ನೀರು ಹರಿದು ಹೋಗಬೇಕಾದರೆ ನಡುವೆ ಒಂದು ತಗ್ಗೂ ಇರಬಾರದು. ಆದ್ದರಿಂದ ಡಾಂಬರಿನ ಮಟ್ಟವೇ ಟ್ರ್ಯಾಕಿನ ಮಟ್ಟ. ರಬ್ಬರು ತಗ್ಗನ್ನು ಮುಚ್ಚುತ್ತದೆ ಎಂದು ನಂಬಿ ಕೂತರೆ ಆ ತಗ್ಗು ರಬ್ಬರಿನ ಮೇಲೂ ಹಾಗೇ ಕಾಣಿಸುತ್ತದೆ. ತಗ್ಗಿಗೆ ಸುರಿದ ದುಬಾರಿ ಬೈಂಡರ್, ಅಂದರೆ ರಬ್ಬರು ಹರಳುಗಳನ್ನು ಹಿಡಿಯುವ ಅಂಟು, ದಂಡ.

ಅದುಮಿದ ನೆಲದ ಮೇಲೆ 200 ಮಿ.ಮೀ. ಜಿಎಸ್‌ಬಿ ಎಂಬ ಜಲ್ಲಿಯ ತಳಪದರ, ಅದರ ಮೇಲೆ 150 ಮಿ.ಮೀ. ವೆಟ್ ಮಿಕ್ಸ್ ಎಂಬ ನೀರು ಕಲಸಿದ ಜಲ್ಲಿ, 50 ಮಿ.ಮೀ. ದಪ್ಪದ ಡಾಂಬರು ಪದರ, ಕೊನೆಗೆ 30 ಮಿ.ಮೀ. ಸಣ್ಣ ಜಲ್ಲಿಯ ಡಾಂಬರು ಹಾಕಿದೆವು. ಡಾಂಬರು ಹಾಸುವ ಪೇವರ್ ಯಂತ್ರದಲ್ಲಿ ರಸ್ತೆ ಮಾಡಿ ಅಭ್ಯಾಸವಿರುವವರಿಗೆ ಇಲ್ಲಿನ ಅಳತೆ ಹಿಂಸೆ ಎನಿಸುತ್ತದೆ. ನಾಲ್ಕು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಎಲ್ಲಿ ಇಟ್ಟರೂ ಅಡಿಯಲ್ಲಿ 6 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು, ಒಂದು ಮೀಟರ್ ಪಟ್ಟಿಗೆ 3 ಮಿ.ಮೀ. ತಿರುವಿನಲ್ಲಿ ರೋಲರ್ ತಿರುಗಿಸುವ ಜಾಗ, ಪೇವರ್ ನಿಂತು ಹೊರಟ ಜಾಗ, ಎರಡು ಪಟ್ಟಿ ಸೇರುವ ಜೋಡು, ಈ ಮೂರು ಕಡೆ ಹೆಚ್ಚು ತಪ್ಪು ಸಿಗುತ್ತದೆ. ಬಿಸಿ ಡಾಂಬರಿನ ಮೇಲೆ ರೋಲರ್ ನಿಲ್ಲಿಸಿ ಡ್ರೈವರ್ ಚಾ ಕುಡಿಯಲು ಹೋದರೆ ಅಡ್ಡಕ್ಕೆ ಒಂದು ಹಳ್ಳ ಉಳಿಯುತ್ತದೆ. ಡೀಸೆಲ್ ಅಥವಾ ಹೈಡ್ರಾಲಿಕ್ ಎಣ್ಣೆ ತೊಟ್ಟಿಕ್ಕಿದರೆ ಆ ಜಾಗದ ಡಾಂಬರು ಮೆತ್ತಗಾಗಿ ರಬ್ಬರು ಅಂಟುವುದಿಲ್ಲ. ತೊಳೆದರೆ ಸಾಲದು, ಅಷ್ಟು ಚೌಕ ಕತ್ತರಿಸಿ ತೆಗೆದು ಹೊಸದು ಹಾಕಬೇಕು.

ರಬ್ಬರಿನ ದಪ್ಪ ಹೆಚ್ಚು ಬೇಕಾದ ಜಾಗಗಳನ್ನು ಡಾಂಬರಿನಲ್ಲೇ ತಗ್ಗಿಸಿಡಬೇಕು. ಜಾವೆಲಿನ್ ಓಟದ ಕೊನೆಯ 8 ಮೀಟರ್, ಪೋಲ್‌ವಾಲ್ಟಿನ ಕೊನೆಯ 8, ಟ್ರಿಪಲ್ ಜಂಪಿನ ಕೊನೆಯ 13, ಹೈಜಂಪಿನ ಕೊನೆಯ 3 ಮೀಟರಿಗೆ 20 ಮಿ.ಮೀ. ಬೇಕು. ಸ್ಟೀಪಲ್‌ಚೇಸಿನ ನೀರಿನ ಹೊಂಡದಲ್ಲಿ ಕಾಲೂರುವ ಜಾಗಕ್ಕೆ 25. ಇದನ್ನು ಮರೆತು ಮೇಲೆ ಎತ್ತರಿಸಿದರೆ ಓಟಗಾರ ಎಡವುವ ದಿಬ್ಬವಾಗುತ್ತದೆ.

ಡಾಂಬರು ಆದ ಮೇಲೆ ಟ್ಯಾಂಕರ್ ನೀರು ಬಿಟ್ಟು ಪರೀಕ್ಷೆ. ಇಡೀ ಮೇಲ್ಮೈ ನೆನೆಸಿ, ಹರಿಯುವುದು ನಿಂತ ಮೇಲೆ 20 ನಿಮಿಷ ಕಾದು, ನೀರು ನಿಂತ ಕಡೆಗೆಲ್ಲ ಸುಣ್ಣದ ಕಡ್ಡಿಯಲ್ಲಿ ವೃತ್ತ ಎಳೆದೆವು. ಎಂಟು ಲೇನಿನಲ್ಲಿ ಅರುವತ್ತಕ್ಕೂ ಹೆಚ್ಚು ವೃತ್ತಗಳು ಬಂದವು. ಉಬ್ಬನ್ನು ಯಂತ್ರದಲ್ಲಿ ಉಜ್ಜಿದೆವು, ತಗ್ಗನ್ನು ಪಾಲಿಯುರೆಥೇನ್ ಬೈಂಡರಿಗೆ ಒಣ ಮರಳು ಕಲಸಿ ತುಂಬಿಸಿದೆವು. ಸಿಮೆಂಟಿನಲ್ಲಿ ತುಂಬಿಸಿದರೆ ಬೇಸಿಗೆಯಲ್ಲಿ ಡಾಂಬರು ಹಿಗ್ಗುವಾಗ ಅದು ಬಿಲ್ಲೆಯಾಗಿ ಎದ್ದು ಬರುತ್ತದೆ. ಮತ್ತೆ ನೀರು, ಮತ್ತೆ ವೃತ್ತ. ಮೂರನೇ ಸಲಕ್ಕೆ ಸರಿಯಾಯಿತು. ಆಮೇಲೆ 28 ದಿನ ಡಾಂಬರನ್ನು ಬಿಸಿಲಿಗೆ ಬಿಟ್ಟೆವು. ಹೊಸ ಡಾಂಬರಿನಿಂದ ಹಗುರ ಎಣ್ಣೆಗಳು ಮೇಲೆ ಬರುತ್ತಿರುತ್ತವೆ. ಅದರ ಮೇಲೆ ಪ್ರೈಮರ್ ಹೊಡೆದರೆ ಹಿಡಿತ ಸಿಗುವುದಿಲ್ಲ. ಎರಡು ವಾರ ಸಾಕು ಎನ್ನುವವರಿದ್ದಾರೆ. ಒಣ ಊರಿಗೆ ಅದು ಸರಿ ಇರಬಹುದು.

ಈ ಹೊತ್ತಿಗೆ ಸಾಮಾನು ಬರಲು ಶುರು. ಸುತ್ತ ರಬ್ಬರು ತೋಟಗಳಿರುವ ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ನಮ್ಮ ರಬ್ಬರು ಇದಕ್ಕೆ ಆಗುವುದಿಲ್ಲವಾ?" ಮರದ ರಬ್ಬರಿನ ಅಣುಸರಪಳಿಯಲ್ಲಿ ಜೋಡಿ ಬಂಧಗಳಿವೆ. ಬಿಸಿಲು ಮತ್ತು ಗಾಳಿಯ ಓಜೋನ್ ಅಲ್ಲೇ ಕಚ್ಚುತ್ತವೆ, ರಬ್ಬರು ಬಿರುಕು ಬಿಡುತ್ತದೆ. ಬಿಸಿಲಿಗೆ ಒಡ್ಡುವ ಮೇಲ್ಪದರಕ್ಕೆ ಇಪಿಡಿಎಂ ಎಂಬ ಕೃತಕ ರಬ್ಬರು ಬೇಕು. ಅದರ ಮುಖ್ಯ ಸರಪಳಿಯಲ್ಲಿ ಜೋಡಿ ಬಂಧವೇ ಇಲ್ಲ. ಕೆಳಗಿನ ಕಪ್ಪು ಪದರಕ್ಕೆ ಹಳೆಯ ಟಯರು ಪುಡಿಮಾಡಿದ ಹರಳು. ಅದರಲ್ಲಿ ಎಸ್‌ಬಿಆರ್ ಎಂಬ ಇನ್ನೊಂದು ಕೃತಕ ರಬ್ಬರಿನ ಜೊತೆಗೆ ಮರದ ರಬ್ಬರೂ ಇರುತ್ತದೆ. ಹಾಗಾಗಿ ನಮ್ಮ ತೋಟದ ಶೀಟು ಟಯರಾಗಿ, ಲಾರಿಯಡಿ ಸವೆದು, ಟ್ರ್ಯಾಕಿನ ಹೊಟ್ಟೆಗೆ ಬರುವ ದಾರಿ ಇದೆ.

ಟಯರು ಹರಳು 1ರಿಂದ 4 ಮಿ.ಮೀ. ಗಾತ್ರದ್ದಿರಬೇಕು. ಪ್ರತಿ ಲೋಡಿನಿಂದಲೂ ಮೂರು ಚೀಲ ಬಿಚ್ಚಿ ನೋಡಿದೆವು. ಮೊದಲು ಜರಡಿ: ಒಂದು ಮಿಲಿಮೀಟರಿಗಿಂತ ಸಣ್ಣ ಹುಡಿ ಜಾಸ್ತಿ ಇದ್ದರೆ ಅದು ಬೈಂಡರನ್ನೆಲ್ಲ ಕುಡಿದುಬಿಡುತ್ತದೆ, ದೊಡ್ಡ ಹರಳುಗಳಿಗೆ ಅಂಟು ಉಳಿಯುವುದಿಲ್ಲ. ಆಮೇಲೆ ಅಯಸ್ಕಾಂತ: ಟಯರಿನ ತಂತಿಯ ಚೂರು ಉಳಿದಿದ್ದರೆ ಮಳೆಗೆ ತುಕ್ಕು ಹಿಡಿದು ಕಂದು ಕಲೆ ಮೇಲೆ ಬರುತ್ತದೆ. ಕೊನೆಗೆ ಅಂಗೈಯಲ್ಲಿ ಹಿಡಿದು ಮುಚ್ಚಿ ಬಿಡಿಸಿ ನೋಡುವುದು: ಹರಳು ಅಂಟಿಕೊಂಡರೆ ತೇವ ಇದೆ. ಇಪಿಡಿಎಂ ಹರಳಿನಲ್ಲಿ ನಿಜವಾದ ರಬ್ಬರು ತೂಕದ ಶೇಕಡಾ 20ಕ್ಕಾದರೂ ಇರಬೇಕು. ಉಳಿದದ್ದು ಸುಣ್ಣದ ಪುಡಿ, ಎಣ್ಣೆ, ಬಣ್ಣ. ಅಗ್ಗದ ಹರಳಿನಲ್ಲಿ ಸುಣ್ಣವೇ ಹೆಚ್ಚು. ಎರಡು ಬೆರಳಲ್ಲಿ ಹಿಡಿದು ಉಗುರಿನಿಂದ ಒತ್ತಿದರೆ ಪುಡಿಯಾಗುತ್ತದೆ, ಮೂರು ಬೇಸಿಗೆಗೆ ಬಣ್ಣ ಬಿಳಿಚಿ ಕೈಗೆ ಹುಡಿ ಅಂಟುತ್ತದೆ. ಕಾಗದದ ಪ್ರಮಾಣಪತ್ರ ಇದ್ದರೂ ಬಂದ ಲೋಡಿನಿಂದಲೇ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದನ್ನು ಬಿಡಬಾರದು. ಸೀಸ, ಪಾದರಸದ ವರದಿಯನ್ನೂ ಕೇಳಬೇಕು. ಹಳೆಯ ಕಾಲದ ಪಾಲಿಯುರೆಥೇನ್ ಟ್ರ್ಯಾಕುಗಳಲ್ಲಿ ಪಾದರಸದ ವೇಗವರ್ಧಕ ಬಳಸುತ್ತಿದ್ದರು. ಮಕ್ಕಳು ಕುಳಿತು, ಮಲಗಿ, ಬಿದ್ದು ಏಳುವ ನೆಲ ಇದು.

ಟ್ರ್ಯಾಕಿನ ಬಗೆ ಆರಿಸುವಾಗ ನೀರು ಇಳಿಯುವ ಸ್ಪ್ರೇ ಕೋಟೋ, ನೀರು ಇಳಿಯದ ಸ್ಯಾಂಡ್‌ವಿಚ್ಚೋ ಎಂಬ ಚರ್ಚೆ ಬರುತ್ತದೆ. ಸ್ಪ್ರೇ ಕೋಟ್ ಅಗ್ಗ: 10 ಮಿ.ಮೀ. ಕಪ್ಪು ಹಾಸಿನ ಮೇಲೆ ಸಣ್ಣ ಇಪಿಡಿಎಂ ಹರಳನ್ನು ಪಾಲಿಯುರೆಥೇನಿನಲ್ಲಿ ಕಲಸಿ ಎರಡು ಸಲ ಸಿಂಪಡಿಸುತ್ತಾರೆ. ನೀರು ಹಾಸಿನೊಳಗೆ ಇಳಿದು ಡಾಂಬರಿನ ಮೇಲೆ ಅಡ್ಡ ಹರಿಯುತ್ತದೆ. ಹದವಾಗಿ ಮಳೆ ಬರುವ ಊರಿಗೆ ಇದು ಚೆನ್ನ. ನಮ್ಮಲ್ಲಿ ಹತ್ತು ಮಿಲಿಮೀಟರಿನ ಹಾಸು ಜುಲೈ ತಿಂಗಳಿಡೀ ನೆನೆದ ಸ್ಪಂಜಿನ ಹಾಗೆ ಇರುತ್ತದೆ. ತೂತುಗಳಲ್ಲಿ ಕೆಂಪು ಹುಡಿ ಕೂರುತ್ತದೆ, ಪಾಚಿ ಬೇರು ಬಿಡುತ್ತದೆ. ಆದ್ದರಿಂದ ಕರಾವಳಿಗೆ ಸ್ಯಾಂಡ್‌ವಿಚ್ ಎಂಬುದು ನಮ್ಮ ತೀರ್ಮಾನ: 10 ಮಿ.ಮೀ. ಕಪ್ಪು ಹಾಸು, ಅದರ ತೂತು ಮುಚ್ಚುವ ಪದರ, ಮೇಲೆ 3 ಮಿ.ಮೀ. ಎರಕದ ಪಾಲಿಯುರೆಥೇನಿನಲ್ಲಿ ಹುದುಗಿದ ಇಪಿಡಿಎಂ. ಒಟ್ಟು 13.

ಕಪ್ಪು ಹಾಸಿನ ಲೆಕ್ಕ ಚದರ ಮೀಟರಿಗೆ 7 ಕೆ.ಜಿ. ಹರಳು, 1.4 ಕೆ.ಜಿ. ಬೈಂಡರ್. ಓಟದ ದಾರಿ, ತಿರುವಿನೊಳಗಿನ ಡಿ ಆಕಾರದ ಭಾಗಗಳು, ಜಿಗಿತದ ದಾರಿಗಳು ಸೇರಿ 6,000 ಚದರ ಮೀಟರಿಗೆ 42 ಟನ್ ಹರಳು, 8.4 ಟನ್ ಬೈಂಡರ್ ಬೇಕಾಗುತ್ತದೆ. ಮಿಕ್ಸರಿಗೆ ಒಂದು ಸಲಕ್ಕೆ 100 ಕೆ.ಜಿ. ಹರಳು, 20 ಕೆ.ಜಿ. ಬೈಂಡರ್, ನಾಲ್ಕು ನಿಮಿಷ. ಅಷ್ಟರಲ್ಲಿ 14 ಚದರ ಮೀಟರ್ ಹಾಸಬಹುದು. ಬೈಂಡರನ್ನು ತೂಕ ಮಾಡಿಯೇ ಹಾಕಬೇಕು. ಬಕೆಟ್ ಲೆಕ್ಕ ಬೇಡ. ಸಂಜೆಗೆ ಖಾಲಿ ಡ್ರಮ್ಮುಗಳನ್ನು ಎಣಿಸಿ, ಆ ದಿನ ಹಾಸಿದ ವಿಸ್ತೀರ್ಣಕ್ಕೆ ಭಾಗಿಸಿದರೆ ಮೋಸವೋ ಮರೆವೋ ಕೂಡಲೇ ಸಿಗುತ್ತದೆ. ಬೈಂಡರ್ ಕಡಿಮೆಯಾದ ಹಾಸು ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಎರಡು ವರ್ಷದ ಮೇಲೆ ಸ್ಪೈಕಿಗೆ ಸಿಕ್ಕಿ ಹರಳು ಹರಳಾಗಿ ಉದುರುತ್ತದೆ.

ಇನ್ನು ತೇವದ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಮ್ಮ ಕಡೆಯ ಟ್ರ್ಯಾಕುಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಕಪ್ಪು ಹಾಸಿನ ಬೈಂಡರ್ ಒಂದೇ ಡ್ರಮ್ಮಿನದ್ದು, ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುವಂಥದ್ದು. ಅದಕ್ಕೆ ತೇವ ಬೇಕು. ಮೇಲಿನ ಎರಕದ ಪಾಲಿಯುರೆಥೇನ್ ಎರಡು ಡ್ರಮ್ಮಿನದ್ದು, ಎ ಮತ್ತು ಬಿ ಒಂದನ್ನೊಂದು ಸೇರಿ ಗಟ್ಟಿಯಾಗುತ್ತವೆ. ಅದಕ್ಕೆ ತೇವ ತಾಗಬಾರದು. ಬಿ ಭಾಗದ ಐಸೊಸೈನೇಟ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅನಿಲ ಹೊರಬರಲು ದಾರಿ ಹುಡುಕುತ್ತದೆ, ದೋಸೆಯ ಹಾಗೆ ತೂತು ತೂತಾಗುತ್ತದೆ. ಮೇಲ್ಮೈ ಬೇಗ ಗಟ್ಟಿಯಾಗಿದ್ದರೆ ತೂತೂ ಆಗದೆ ಬೊಕ್ಕೆ ಏಳುತ್ತದೆ. ಕಪ್ಪು ಹಾಸಿಗೂ ತೇವ ಮಿತಿ ಮೀರಬಾರದು. ಮಳೆಗೆ ನೆನೆದ ಚೀಲದ ಹರಳನ್ನು ಮಿಕ್ಸರಿಗೆ ಹಾಕಿದರೆ ಬೈಂಡರ್ ಅಲ್ಲೇ ನೊರೆಯಾಗಿ, ಪೇವರಿಗೆ ಬರುವ ಹೊತ್ತಿಗೆ ಉಂಡೆ ಕಟ್ಟಿರುತ್ತದೆ.

ಮಕರ ಮಾಸದ ಬೆಳಗ್ಗೆ ಪದವಿನಲ್ಲಿ ಗಾಳಿ 24 ಡಿಗ್ರಿ, ತೇವಾಂಶ ಶೇಕಡಾ 90 ಇದ್ದರೆ ಇಬ್ಬನಿ ಕೂರುವ ಬಿಂದು 22 ಡಿಗ್ರಿ ಆಸುಪಾಸು. ರಾತ್ರಿಯಿಡೀ ಆಕಾಶಕ್ಕೆ ಶಾಖ ಬಿಟ್ಟ ಡಾಂಬರು ಅದಕ್ಕಿಂತ ತಣ್ಣಗಿರುತ್ತದೆ. ಕಣ್ಣಿಗೆ ಕಾಣದ ನೀರಿನ ಪೊರೆ ಅದರ ಮೇಲೆ ಇರುತ್ತದೆ. ನೆಲದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲೆ ಬರುವವರೆಗೆ ಪ್ರೈಮರ್ ಮುಟ್ಟಬಾರದು. ನಮ್ಮಲ್ಲಿ ಅದಕ್ಕೆ ಒಂಬತ್ತು ಗಂಟೆಯಾಗುತ್ತಿತ್ತು. ಕೆಲಸದವರು ಆರೂವರೆಗೇ ಬಂದು ಕೂತಿರುತ್ತಾರೆ, ಮೇಸ್ತ್ರಿ "ಶುರು ಮಾಡುವಾ ಅಣ್ಣ, ಬಿಸಿಲು ಏರಿದರೆ ಕಷ್ಟ" ಎನ್ನುತ್ತಾರೆ. ಅವರ ಕಷ್ಟ ನಿಜ. ಆದರೆ ಕಾಯಲೇಬೇಕು. ನೆಲದಡಿಯ ತೇವ ನೋಡಲು ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯ ನಾಲ್ಕೂ ಬದಿಗೆ ಟೇಪು ಅಂಟಿಸಿ 16 ಗಂಟೆ ಬಿಟ್ಟು ಎತ್ತಿ ನೋಡಿದೆವು. ಮೇಲ್ಬದಿಯ ತಿರುವಿನಲ್ಲಿ ಎರಡು ಹಾಳೆಗಳ ಒಳಗೆ ಹನಿ ಕಟ್ಟಿತ್ತು. ಕಣಿಯ ಪೈಪು ಅಲ್ಲಿ ಮಣ್ಣು ತುಂಬಿ ಕಟ್ಟಿದ್ದೇ ಕಾರಣ. ಅದನ್ನು ಬಿಡಿಸಿ ಹತ್ತು ದಿನ ಕಾದ ಮೇಲೆ ಹಾಳೆ ಒಣಗಿತು. ಕಾಯದೆ ಹಾಸಿದ್ದರೆ ನಡು ಹಗಲಿನ ಬಿಸಿಲಿಗೆ ಆ ತೇವ ಆವಿಯಾಗಿ, ನೀರು ಬಿಡದ ಮೇಲ್ಪದರವನ್ನು ಅಡಿಯಿಂದ ಎತ್ತುತ್ತಿತ್ತು.

ಪೇವರ್ ಒಂದು ದಿನಕ್ಕೆ 800 ಚದರ ಮೀಟರ್ ಹಾಸುತ್ತದೆ. ಪಟ್ಟಿಯ ಜೋಡು ಬಿಸಿಬಿಸಿಯಾಗಿ ಸೇರುವಂತೆ ಯೋಜಿಸಬೇಕು. ದಿನದ ಕೊನೆಯ ಅಂಚನ್ನು ನೇರ ಕತ್ತರಿಸಿ, ಮರುದಿನ ಅದಕ್ಕೆ ಬೈಂಡರ್ ಬಳಿದು ಮುಂದುವರಿಸಬೇಕು. ಕರ್ಬ್ ಬದಿಗೆ, ಚರಂಡಿಯ ಬದಿಗೆ ಯಂತ್ರ ತಲುಪುವುದಿಲ್ಲ. ಅಲ್ಲಿ ಕರಣೆಯಲ್ಲಿ ಹಾಸಿ ಕೈರೋಲರ್ ಎಳೆಯುತ್ತಾರೆ. ಕೈಯಲ್ಲಿ ಹಾಸಿದ ಆ ಒಂದಡಿ ಪಟ್ಟಿಯೇ ಎಲ್ಲ ಟ್ರ್ಯಾಕಿನಲ್ಲೂ ಮೊದಲು ಎದ್ದು ಬರುವುದು. ಒಂದನೇ ಲೇನ್ ಹೆಚ್ಚು ಸವೆಯುವ ಲೇನ್ ಬೇರೆ. ಅಲ್ಲಿಗೆ ಅನುಭವಸ್ಥ ಕೈ ಬೇಕು. ಮರುದಿನ 10 ಸೆಂ.ಮೀ. ಚೌಕದ ತುಂಡು ಕತ್ತರಿಸಿ ಎರಡೂ ಕೈಯಲ್ಲಿ ಎಳೆದು ನೋಡಬೇಕು. ಹರಳು ಹರಿದರೆ ಒಳ್ಳೆಯದು, ಹರಳುಗಳ ನಡುವೆ ಬಿಟ್ಟುಕೊಂಡರೆ ಬೈಂಡರ್ ಸಾಲದು.

ತೂತು ಮುಚ್ಚುವ ಪದರಕ್ಕೆ ಚದರ ಮೀಟರಿಗೆ 0.8 ಕೆ.ಜಿ. ಪಾಲಿಯುರೆಥೇನನ್ನು ಇಪಿಡಿಎಂ ಹುಡಿಯ ಜೊತೆ ಕಲಸಿ ಸ್ಕ್ವೀಜಿಯಲ್ಲಿ (ಉದ್ದ ಹಿಡಿಯ ಎಳೆಯುವ ಪಟ್ಟಿ) ಎಳೆಯುವುದು. ಇದು ಸರಿಯಾಗದಿದ್ದರೆ ಮೇಲಿನ ಎರಕ ಹಾಸಿನೊಳಗೆ ಇಳಿದುಹೋಗುತ್ತದೆ, ಆ ತೂತುಗಳಲ್ಲಿದ್ದ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ.

ಮೇಲ್ಪದರದ ದಿನ ಎಲ್ಲರೂ ಗಡಿಯಾರ ನೋಡುತ್ತಿರುತ್ತಾರೆ. ಎ ಡ್ರಮ್ಮಿನ ತಳದಲ್ಲಿ ಪುಡಿ ಕೂತಿರುತ್ತದೆ. ಮೊದಲು ಅದನ್ನೇ ಕಡೆಯಬೇಕು, ಆಮೇಲೆ ತಯಾರಕರು ಹೇಳಿದ ತೂಕಕ್ಕೆ ಬಿ ಸೇರಿಸಿ ಮೂರು ನಿಮಿಷ, ಬದಿಯಲ್ಲಿ ಅಂಟಿದ್ದನ್ನು ಕೆರೆದು ಇನ್ನೊಮ್ಮೆ. ಬದಿಯಲ್ಲಿ ಉಳಿದ ಎ ಮಾತ್ರ ನೆಲಕ್ಕೆ ಬಿದ್ದರೆ ಆ ಗೆರೆ ವರ್ಷವಾದರೂ ಅಂಟಂಟಾಗಿಯೇ ಇರುತ್ತದೆ. 30 ಡಿಗ್ರಿ ಬಿಸಿಯಲ್ಲಿ ಕಲಸಿದ್ದು ಕೈಗೆ ಸಿಗುವುದು 20ರಿಂದ 30 ನಿಮಿಷ. ಹಲ್ಲಿನ ಸ್ಕ್ವೀಜಿಯಲ್ಲಿ ಚದರ ಮೀಟರಿಗೆ 2.2 ಕೆ.ಜಿ. ಹರಡಿದ ಕೂಡಲೇ 1ರಿಂದ 4 ಮಿ.ಮೀ. ಇಪಿಡಿಎಂ ಹರಳನ್ನು ಎರಚುತ್ತಾರೆ. ಎರಚುವುದಕ್ಕೂ ಒಂದು ಕ್ರಮ ಇದೆ. ಭತ್ತ ಬಿತ್ತುವ ಹಾಗೆ ಅಡ್ಡಕ್ಕೆ ಬೀಸಿದರೆ ಎರಕದಲ್ಲಿ ಅಲೆ ಏಳುತ್ತದೆ. ಮೇಲಕ್ಕೆ ಚಿಮ್ಮಿ, ಮಳೆಯ ಹಾಗೆ ನೇರ ಬೀಳಿಸಬೇಕು. ಹರಳು ಮುಳುಗುತ್ತದೆ, ಮತ್ತೆ ಎರಚಬೇಕು, ಮೇಲೆ ಒಣ ಹರಳು ಉಳಿಯುವವರೆಗೆ. ಚದರ ಮೀಟರಿಗೆ 3.5 ಕೆ.ಜಿ. ಎರಚಿದರೆ ಅರ್ಧಕ್ಕಿಂತ ತುಸು ಹೆಚ್ಚು ಅಂಟಿ ಉಳಿಯುತ್ತದೆ. ಉಳಿದದ್ದನ್ನು ಮರುದಿನ ಗುಡಿಸಿ ಜರಡಿ ಹಿಡಿದು ಒಮ್ಮೆ ಮರುಬಳಕೆ ಮಾಡಬಹುದು. ಹರಳು ಸಾಲದ ಕಡೆ ಕನ್ನಡಿಯ ಹಾಗೆ ಹೊಳೆಯುವ ಮಚ್ಚೆ ಉಳಿಯುತ್ತದೆ. ಒದ್ದೆಯಾದಾಗ ತಿರುವಿನಲ್ಲಿ ಜಾರಿ ಬೀಳಿಸುವ ಜಾಗ ಅದು. ಗಾಳಿಯ ಬಗ್ಗೆ ಅಡಿಕೆಗೆ ಬೋರ್ಡೋ ಮದ್ದು ಬಿಡುವ ಊರಿನವರಿಗೆ ಹೇಳಬೇಕಾಗಿಲ್ಲ: ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ಆ ದಿನದ ಎರಕ ಮುಗಿದಿರಬೇಕು. ಅದು ಹುಡಿಯನ್ನೂ ತೇವವನ್ನೂ ತರುತ್ತದೆ.

ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯಲ್ಲಿ ಬಯಲಾಟಗಳು ನಿಲ್ಲುವ ದಿನದವರೆಗೆ, ಸಮಯ ಇದೆ ಎಂದು ಲೆಕ್ಕ ಹಾಕಬಾರದು. ಬಯಲಾಟಕ್ಕೆ ಆ ಲೆಕ್ಕ ಸರಿ, ಟ್ರ್ಯಾಕಿಗೆ ಅಲ್ಲ. ಎಪ್ರಿಲಿನ ಸಂಜೆ ಮಳೆ ಒಂದು ಗಂಟೆಯ ಸೂಚನೆಯನ್ನೂ ಕೊಡುವುದಿಲ್ಲ. ಹಸಿ ಎರಕದ ಮೇಲೆ ಮಳೆ ಬಿದ್ದರೆ ಹಾಲಿನ ಬಣ್ಣಕ್ಕೆ ತಿರುಗಿ, ಸೂಜಿ ತೂತುಗಳಾಗಿ, ಪೂರ್ತಿ ಉಜ್ಜಿ ತೆಗೆಯಬೇಕಾಗುತ್ತದೆ. ಟಾರ್ಪಾಲು ಹೊದಿಸಿದರೆ ಅದೇ ಅಂಟಿಕೊಳ್ಳುತ್ತದೆ. ಆದ್ದರಿಂದ ಮಾರ್ಚ್ ಕೊನೆಯೇ ಗಡುವು. ಕಲಸುವವರಿಗೂ ಎರಚುವವರಿಗೂ ಆವಿ ತಡೆಯುವ ಮುಖವಾಡ, ಕೈಗವಸು ಕಡ್ಡಾಯ. ಐಸೊಸೈನೇಟಿಗೆ ಒಮ್ಮೆ ಶ್ವಾಸಕೋಶ ಒಗ್ಗದೆ ಹೋದರೆ ಆಮೇಲೆ ಆ ಮನುಷ್ಯ ಈ ಕೆಲಸಕ್ಕೆ ಮರಳುವಂತಿಲ್ಲ.

ಗೆರೆ, ಗುರುತುಗಳ ಕೆಲಸ ತಾಳ್ಮೆಯದ್ದು, ಹೇಳಲು ಹೆಚ್ಚೇನಿಲ್ಲ. ಮೇಲ್ಪದರ ವಾರವಾದರೂ ಗಟ್ಟಿಯಾದ ಮೇಲೆ 5 ಸೆಂ.ಮೀ. ಅಗಲದ ಪಾಲಿಯುರೆಥೇನ್ ಬಣ್ಣದ ಗೆರೆ. 110 ಮೀಟರ್ ಹರ್ಡಲ್ಸಿಗೆ ನೀಲಿ, 100ಕ್ಕೆ ಹಳದಿ, 400ಕ್ಕೆ ಹಸಿರು ಗುರುತು.

ಆಮೇಲೆ ಪ್ರಯೋಗಾಲಯದವರ ಪರೀಕ್ಷೆ. 20 ಕೆ.ಜಿ. ಭಾರವನ್ನು 55 ಮಿ.ಮೀ. ಎತ್ತರದಿಂದ ಬೀಳಿಸಿ, ಕಾಂಕ್ರೀಟಿಗೆ ಹೋಲಿಸಿದರೆ ಪೆಟ್ಟು ಎಷ್ಟು ತಗ್ಗಿತು ಎಂದು ನೋಡುತ್ತಾರೆ. ಶೇಕಡಾ 35ರಿಂದ 50ರ ನಡುವೆ ಬರಬೇಕು. ಹೆಚ್ಚು ಮೆತ್ತಗಾದರೆ ಓಟಗಾರನ ಶಕ್ತಿ ನೆಲವೇ ತಿನ್ನುತ್ತದೆ, ಗಟ್ಟಿಯಾದರೆ ಮಕ್ಕಳ ಮೊಣಕಾಲಿಗೆ ಪೆಟ್ಟು. ನೆಲ ತಗ್ಗುವುದು 0.6ರಿಂದ 2.5 ಮಿ.ಮೀ. ಒಳಗೆ ಇರಬೇಕು. ಎಳೆದಾಗ ಹರಿಯುವ ಮುನ್ನ ಶೇಕಡಾ 40ರಷ್ಟಾದರೂ ಹಿಗ್ಗಬೇಕು. ಮೇಲ್ಮೈ 10ರಿಂದ 40 ಡಿಗ್ರಿ ಇರುವಾಗಲೇ ಈ ಅಳತೆ. ನಮ್ಮ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಆ ಮಿತಿ ದಾಟುತ್ತದೆ. ಬೆಳಗ್ಗಿನ ಜಾವಕ್ಕೇ ಅವರನ್ನು ಬರಹೇಳಬೇಕು.

ಮೊದಲ ಮಳೆಗಾಲದಲ್ಲಿ ಪಿ.ಟಿ. ಮಾಷ್ಟ್ರು ವಾರಕ್ಕೊಮ್ಮೆ ಸುಣ್ಣದ ಕಡ್ಡಿ ಹಿಡಿದು ಸುತ್ತು ಬಂದರೆ ಸಾಕು. ನೀರು ನಿಂತ ಜಾಗ, ಕಾಲಿಟ್ಟರೆ ಪೊಳ್ಳು ಸದ್ದು ಬರುವ ಜಾಗ, ಅಂಚು ಎದ್ದ ಜಾಗ ಗುರುತು ಮಾಡಿಡಬೇಕು. ಪಾಚಿಯನ್ನು ಮೆದು ಬ್ರಷ್ಷಿನಲ್ಲಿ ತಿಕ್ಕಿ ನೀರು ಹಾಯಿಸಿದರೆ ಹೋಗುತ್ತದೆ. ಪ್ರೆಷರ್ ಪಂಪಿನ ಮೂತಿಯನ್ನು ಹತ್ತಿರ ಹಿಡಿದರೆ ಹರಳೇ ಹೋಗುತ್ತದೆ. ಸ್ಪೈಕ್ 9 ಮಿ.ಮೀ. ಮೀರಬಾರದು. ಮಣ್ಣಿನ ಟ್ರ್ಯಾಕಿನ ಉದ್ದ ಸ್ಪೈಕ್ ಹಾಕಿ ಬಂದ ಮಕ್ಕಳನ್ನು ಬಾಗಿಲಲ್ಲೇ ತಡೆಯಬೇಕು. ಕಲೋತ್ಸವದ ಚಪ್ಪರ, ಬಯಲಾಟದ ರಂಗಸ್ಥಳ ಮೈದಾನದ ನಡುವೆ ಹಾಕುವುದಾದರೆ ಲಾರಿ ದಾಟುವ ಜಾಗಕ್ಕೆ ಎರಡು ಪದರ ಪ್ಲೈವುಡ್ ಹಾಸಬೇಕು. ಗೂಟ ಮಾತ್ರ ರಬ್ಬರಿನ ಮೇಲೆ ಎಂದಿಗೂ ಬೇಡ. ಒಂದು ಗೂಟದ ತೂತಿನಿಂದ ಇಳಿದ ನೀರು ಮುಂದಿನ ಬೇಸಿಗೆಗೆ ಒಂದು ಚಾಪೆಯಷ್ಟು ಅಗಲದ ಬೊಕ್ಕೆ ಎಬ್ಬಿಸುತ್ತದೆ.

ಬೊಕ್ಕೆ ಬಂದರೆ ಚುಚ್ಚಿ ಗಾಳಿ ತೆಗೆದು ಅಂಟು ಸುರಿಯುವುದು ವ್ಯರ್ಥ. ಸುತ್ತ ಒಂದು ಗೇಣು ಒಳ್ಳೆಯ ಭಾಗವನ್ನೂ ಸೇರಿಸಿ, ಅಂಚು ನೇರವಾಗಿ ಬರುವಂತೆ ಡಾಂಬರಿನವರೆಗೆ ಕತ್ತರಿಸಿ ತೆಗೆಯಬೇಕು. ಎರಡು ದಿನ ಬಿಸಿಲಿಗೆ ಒಣಗಿಸಿ, ಪಾಲಿಥೀನ್ ಹಾಳೆಯ ಪರೀಕ್ಷೆ ಮಾಡಿ, ಪ್ರೈಮರ್ ಹಚ್ಚಿ, ಕಪ್ಪು ಹಾಸಿನಿಂದ ಶುರುಮಾಡಿ ಮೂರೂ ಪದರ ಮತ್ತೆ ಹಾಕಬೇಕು. ಇದಕ್ಕಾಗಿ ಕೆಲಸ ಮುಗಿದ ದಿನವೇ ಅದೇ ಲೋಡಿನ ಹತ್ತು ಚೀಲ ಇಪಿಡಿಎಂ ಹರಳನ್ನು ಶಾಲೆಯ ಒಣ ಕೋಣೆಯಲ್ಲಿ ಹಲಗೆಯ ಮೇಲೆ ಇಡಿಸಿದೆವು. ಬೈಂಡರ್ ಇಡಬಾರದು. ತೆರೆಯದ ಡ್ರಮ್ಮಿಗೂ ಆಯುಸ್ಸು ಸಾಮಾನ್ಯವಾಗಿ ಆರು ತಿಂಗಳು, ನಮ್ಮ ಹವೆಯಲ್ಲಿ ಒಮ್ಮೆ ಮುಚ್ಚಳ ತೆಗೆದರೆ ಒಂದೇ ವಾರಕ್ಕೆ ಕೆನೆ ಕಟ್ಟುತ್ತದೆ.